ದೊಡ್ಡಮ್ಮನ ನಾಯಿಮರಿ

ಬೆಟ್ಟದ ಸ್ಯಾನಿಟೋರಿಯಂ
೨೪ ಸೆಪ್ಟೆಂಬರ್ ೧೯೫೦

ಅಕ್ಕಾ,

ಹಾಲ್ವರ್‌ನ ಕಾಗದ ನಿನ್ನೆ ಬಂತು. ನನ್ನ ಗಂಡ ಬರೆಯುವುದೇ ನಾಲ್ಕಾರು ಸಾಲು, ಅದರಲ್ಲಿ ಮುಕ್ಕಾಲು ಪಾಲು ಅವನು ಜನ ದಾಟಿಸುವ ಬೋಟಿನ ಎಂಜಿನ್ನಿಗೆ ಮೀಸಲು. ಈ ಸಲ ಸಹಿಯ ಪಕ್ಕದಲ್ಲಿ ಒಂದಿಷ್ಟು ಜಾಗ ಉಳಿದಿತ್ತೇನೋ, ಅದನ್ನು ತುಂಬಿಸಲು ಬರೆದವನ ಹಾಗೆ, "ಬೋರ್ಗಿಲ್ಡ್ ಮನೆಗೊಂದು ನಾಯಿಮರಿ ತಂದಿದ್ದಾಳೆ, ಮಕ್ಕಳು ಖುಷಿಯಾಗಿದ್ದಾರೆ" ಎಂದು ಸೇರಿಸಿದ್ದಾನೆ.

ಮಕ್ಕಳು ಖುಷಿಯಾಗಿದ್ದಾರೆ. ಆ ಮಾತನ್ನು ನಿನ್ನೆಯಿಂದ ಜಗಿಯುತ್ತಿದ್ದೇನೆ, ಇನ್ನೂ ನುಂಗಲಾಗಿಲ್ಲ.

ಓಲೆಸುಂಡ್ ಪೇಟೆಯ ನಿನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದು ನನ್ನ ಮನೆ, ನನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೀಯ. ನಾನು ಕೆಮ್ಮಿ ರಕ್ತ ಕಕ್ಕಿದ ದಿನ ಊರಿನವರೆಲ್ಲ ಬಾಗಿಲು ಮುಚ್ಚಿಕೊಂಡರು, ನೀನೊಬ್ಬಳು ಪೆಟ್ಟಿಗೆ ಹಿಡಿದು ಬಂದೆ. ಮರೆತಿಲ್ಲ. ಆದರೆ ದೊಡ್ಡವಳು ಸಿಗ್ನೆಗೆ ಮಾತು ಬಂದಾಗಿನಿಂದ ಅವಳು ನಾಯಿ ಬೇಕು ಅನ್ನುತ್ತಿದ್ದಳು, ನಾನು ಬೇಡ ಅನ್ನುತ್ತಿದ್ದೆ. ಕೈಗೂಸಿರುವ ಮನೆಯಲ್ಲಿ ನಾಯಿ ಬೇಡ ಎಂಬುದು ನನ್ನ ಮಾತಾಗಿತ್ತು. ನಾನು ಬೆಟ್ಟ ಹತ್ತಿದ ಮೇಲೆ ಆ ಮಾತು ಒಂದು ತಿಂಗಳೂ ಬದುಕಲಿಲ್ಲ, ನೋಡು.

ಇಲ್ಲಿ ಮಕ್ಕಳನ್ನು ಗೇಟಿನ ಒಳಗೇ ಬಿಡುವುದಿಲ್ಲ. ನಮ್ಮನ್ನು ತುಪ್ಪಳದ ಚೀಲದಲ್ಲಿ ಕುತ್ತಿಗೆಯವರೆಗೆ ತುರುಕಿ ವರಾಂಡದಲ್ಲಿ ಸಾಲಾಗಿ ಮಲಗಿಸಿರುತ್ತಾರೆ. ತಣ್ಣನೆಯ ಗಾಳಿ ಕುಡಿಯುವುದೇ ಔಷಧ. ಕೈ ಹೊರಗೆ ತೆಗೆಯುವಂತಿಲ್ಲ, ಹೆಚ್ಚು ಮಾತಾಡುವಂತಿಲ್ಲ. ಯೋಚನೆ ಮಾಡುವುದಕ್ಕೆ ಮಾತ್ರ ಯಾರದೂ ಅಡ್ಡಿಯಿಲ್ಲ.

ನಾನು ಹೊರಟಾಗ ಪುಟ್ಟ ಆರ್ವಿಡ್ ಕುರ್ಚಿ ಹಿಡಿದು ನಿಲ್ಲುತ್ತಿದ್ದ. ಈಗ ನಡೆಯುತ್ತಿದ್ದಾನೆಯೇ? ಅದನ್ನು ಬರೆ. ನಾಯಿಯ ವಿಷಯ ಬೇಡ.

ನಿನ್ನ ತಂಗಿ
ಹೆರ್ಡಿಸ್


ಸೋಲ್ವಿಕ
೮ ಅಕ್ಟೋಬರ್ ೧೯೫೦

ಹೆರ್ಡಿಸ್,

ಆರ್ವಿಡ್ ನಡೆಯುತ್ತಿದ್ದಾನೆ. ನಾಯಿಯ ವಿಷಯ ಬೇಡ ಅಂದೆ, ಆದರೆ ಅವನು ನಡೆದದ್ದೇ ನಾಯಿಯ ಹಿಂದೆ. ಬರೆಯದೆ ವಿಧಿಯಿಲ್ಲ.

ನೀನು ಹೋದ ಮೇಲೆ ಅವನು ಅತ್ತೂ ಅತ್ತೂ ಗಂಟಲು ಕಟ್ಟಿಸಿಕೊಂಡ. ಸಿಗ್ನೆ ಅಳಲಿಲ್ಲ, ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಪ್ರತಿ ಸಂಜೆ ಹಾಲ್ವರ್‌ನ ಬೋಟು ಬರುವ ಹೊತ್ತಿಗೆ ಧಕ್ಕೆಗೆ ಹೋಗಿ ನಿಂತು, ಇಳಿಯುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿ, ಕಡೆಗೆ ಖಾಲಿ ಬೋಟನ್ನೂ ನೋಡಿ ವಾಪಸು ಬರುತ್ತಿದ್ದಳು. ಮೇಲಿನ ಹೊಲದವರ ನಾಯಿ ಮರಿ ಹಾಕಿತ್ತು. ಯಾರೂ ಒಯ್ಯದೆ ಉಳಿದ ಕಡೆಯ ಮರಿಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದೆ.

"ಇದು ನಮ್ದಾ? ನಿಜವಾಗ್ಲೂ ನಮ್ದೇನಾ? ಅಮ್ಮ ಬೈಯಲ್ವಾ?" ಅಂದಳು ಸಿಗ್ನೆ.

"ಬೈದ್ರೆ ನನಗೆ ಬೈತಾಳೆ ಬಿಡು, ನಿನಗಲ್ಲ" ಅಂದೆ.

ನೀನು ಬೈದೆ. ಲೆಕ್ಕ ಸರಿಹೋಯಿತು.

ಮೈತುಂಬ ಕೆದರಿದ ಕೂದಲಿದೆ ಅಂತ ಸಿಗ್ನೆ ಅದಕ್ಕೆ ಲುರ್ವೆ ಎಂದು ಹೆಸರಿಟ್ಟಿದ್ದಾಳೆ. ಹಾಲ್ವರ್‌ನ ಬೂಟಿನೊಳಗೆ ಉಚ್ಚೆ ಹೊಯ್ದಿತು. ಗೊಂಬೆಯ ಒಂದು ಕೈ ತಿಂದು ಹಾಕಿತು. ಆರ್ವಿಡ್ ಗಂಜಿ ಕುಡಿಯಲು ಕೂತರೆ ಒಂದು ಚಮಚ ಅವನಿಗೆ, ಒಂದು ಚಮಚ ಅದಕ್ಕೆ. ಚಮಚ ಮಾತ್ರ ಒಂದೇ. ಕಣ್ಣು ತಪ್ಪಿಸಿದರೆ ಇಬ್ಬರೂ ಮೇಜಿನ ಕೆಳಗೆ ಒಂದೇ ಕಂಬಳಿಯಲ್ಲಿ ಮಲಗಿರುತ್ತಾರೆ, ಅವನ ಮುಷ್ಟಿ ಅದರ ಕಿವಿಯಲ್ಲಿ. ಆದರೆ ಅಳು ನಿಂತಿದೆ, ಹೆರ್ಡಿಸ್. ಅದೊಂದನ್ನು ನೋಡು.

ನಿನ್ನ ಕಾಗದಗಳನ್ನು ಮಕ್ಕಳ ಕೈಗೆ ಕೊಡುವ ಮೊದಲು ಒಲೆಯ ಮೇಲೆ ಕಾಯಿಸುತ್ತೇನೆ. ಸೋಂಕು ಸಾಯಲಿ ಎಂದು ನರ್ಸ್ ಹಾಗೆ ಮಾಡಲು ಹೇಳಿದ್ದಾಳೆ. ಸಿಗ್ನೆ ಮೂಸಿ ನೋಡಿ, "ಅಮ್ಮನ ಕಾಗ್ದ ಸೀದ್ಹೋದ ಬ್ರೆಡ್ ಥರ ಇದೆ" ಅಂದಳು. ನಿನಗೆ ನಗು ಬರಬಹುದೆಂದು ಬರೆದೆ.

ಬೋರ್ಗಿಲ್ಡ್


ಬೆಟ್ಟದ ಸ್ಯಾನಿಟೋರಿಯಂ
೧೯ ನವೆಂಬರ್ ೧೯೫೦

ಅಕ್ಕಾ,

ನಗು ಬರಲಿಲ್ಲ.

ಜ್ವರ ಇಳಿದಿದೆ. ಹೊಸ ಚುಚ್ಚುಮದ್ದು ಶುರುವಾಗಿದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಆದರೆ ಕೆಲಸ ಮಾಡುತ್ತಿದೆಯಂತೆ. ಈಗ ದಿನಕ್ಕೆ ಸ್ವಲ್ಪ ಹೊತ್ತು ಕೈ ಹೊರಗಿಡಬಹುದು. ಆ ಹೊತ್ತಿನಲ್ಲೆಲ್ಲ ಆರ್ವಿಡ್‌ಗೆ ಸ್ವೆಟರ್ ಹೆಣೆದೆ. ನೀಲಿ ಉಣ್ಣೆ, ಎದೆಯ ಮೇಲೆ ಬಿಳಿ ನಕ್ಷತ್ರ. ಅವನ ಅಳತೆ ಗೊತ್ತಿಲ್ಲದೆ ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಂದಾಜು ಹಾಕಿದೆ. ಹುಟ್ಟಿದಾಗ ಅಷ್ಟೇ ಉದ್ದವಿದ್ದ, ಅದರ ಮೇಲೆ ಬೆಳೆದಿರುವಷ್ಟು ಸೇರಿಸಿಕೊಂಡೆ. ಇದೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಕ್ರಿಸ್‌ಮಸ್ ದಿನ ಹಾಕು.

ಪಕ್ಕದ ಹಾಸಿಗೆಯಲ್ಲಿ ಓಲೈನ್ ಎಂಬವಳಿದ್ದಾಳೆ. ಉಸಿರು ಅರ್ಧ ಹೋಗಿದ್ದರೂ ನಾಲಿಗೆ ಪೂರ್ತಿ ಇದೆ. ನಿನ್ನ ಕಾಗದ ಓದಿ ಹೇಳಿದೆ. "ಮನೆ ಸಿಕ್ತು, ಮಕ್ಳು ಸಿಕ್ರು, ನಾಯೀನೂ ತಂದ್ಲು ನಿಮ್ಮಕ್ಕ. ಇನ್ನುಳಿದಿರೋದು ಗಂಡ ಒಬ್ಬ, ಅದೂ ಚಳಿಗಾಲ ಉದ್ದ ಇದೆ ಕಣೇ" ಅಂದಳು. ನಕ್ಕುಬಿಟ್ಟೆ. ನಕ್ಕದ್ದಕ್ಕೆ ಕೆಮ್ಮು ಬಂತು, ನರ್ಸ್ ಬೈದಳು.

ಆರ್ವಿಡ್‌ಗೆ ಮಾತು ಬಂತೇ? ಏನಂದ?

ಹೆರ್ಡಿಸ್


ಸೋಲ್ವಿಕ
೨೮ ಡಿಸೆಂಬರ್ ೧೯೫೦

ಹೆರ್ಡಿಸ್,

ಹಬ್ಬ ಚೆನ್ನಾಗಿ ನಡೆಯಿತು. ಕುರಿಯ ಪಕ್ಕೆಲುಬು ಬೇಯಿಸಿದೆ, ಹಾಲ್ವರ್ ಕ್ರಿಸ್‌ಮಸ್ ಮರ ಕಡಿದು ತಂದ. ಲುರ್ವೆ ಅದರಲ್ಲಿ ಕಟ್ಟಿದ್ದ ಕಾಗದದ ಬುಟ್ಟಿಗಳನ್ನೆಲ್ಲ ಎಳೆದು ಹಾಕಿತು. ಆರ್ವಿಡ್ ಅದನ್ನು ನೋಡಿ ತಾನೂ ಎಳೆದ. ಇಬ್ಬರನ್ನೂ ಮೂಲೆಯಲ್ಲಿ ನಿಲ್ಲಿಸಿದೆ. ಒಬ್ಬ ಮಾತ್ರ ನಿಂತ.

ಸ್ವೆಟರ್ ತಲುಪಿತು. ಬಣ್ಣ ಬಹಳ ಚೆನ್ನಾಗಿದೆ.

ಮಾತು ಬಂದಿದೆ. "ಲುರ್ವೆ" ಅನ್ನುತ್ತಾನೆ. "ಬೋಟು" ಅನ್ನುತ್ತಾನೆ. "ಇನ್ನೂ" ಅನ್ನುತ್ತಾನೆ, ಅದನ್ನೇ ಹೆಚ್ಚು.

ಸಿಗ್ನೆ ತನ್ನ ಮಾತನ್ನೂ ಸೇರಿಸು ಅಂತ ಪಕ್ಕದಲ್ಲಿ ಕೂತಿದ್ದಾಳೆ. ಅವಳು ಹೇಳಿದಂತೆಯೇ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ:

"ಅಮ್ಮಾ, ನನ್ನ ಹಲ್ಲು ಅಲ್ಲಾಡ್ತಿದೆ. ಲುರ್ವೆಗೂ ಅಲ್ಲಾಡ್ತಿತ್ತು, ಅದು ನುಂಗಿಬಿಡ್ತು. ಆರ್ವಿಡ್ ದೊಡ್ಡಮ್ಮನ್ನ ಅಮ್ಮ ಅಂತಾನೆ. ಲುರ್ವೆನ್ನೂ ಅಮ್ಮ ಅಂತಾನೆ. ನಾನು ತಪ್ಪು ಅಂತ ಹೇಳ್ಕೊಟ್ಟೆ, ಕೇಳಲ್ಲ. ನೀನು ಯಾವಾಗ ಬರ್ತೀಯಾ?"

ಕೊಟ್ಟ ಮಾತಿನಂತೆ ಬರೆದಿದ್ದೇನೆ. ಅವನ ಬಾಯಿಗೆ "ದೊಡ್ಡ" ಬರುವುದಿಲ್ಲ, ಹೆರ್ಡಿಸ್. "ದೊಡ್ಡ" ಬಿಟ್ಟರೆ ಉಳಿಯುವುದು ಅಷ್ಟೇ.

ಬೋರ್ಗಿಲ್ಡ್


ಬೆಟ್ಟದ ಸ್ಯಾನಿಟೋರಿಯಂ
೨೧ ಜನವರಿ ೧೯೫೧

ಬೋರ್ಗಿಲ್ಡ್,

ಹಾಲ್ವರ್ ಒಂದು ಫೋಟೋ ಕಳಿಸಿದ್ದಾನೆ. ಹಬ್ಬದ ದಿನ ತೆಗೆದದ್ದು. ನನಗೆ ಸಂತೋಷವಾಗಲಿ ಅಂತ ಕಳಿಸಿದ್ದಾನೆ, ಪಾಪ, ಅವನಿಗೆ ಎಂಜಿನ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೆಟ್ಟಿಲ ಮೇಲೆ ನೀನು ಕೂತಿದ್ದೀಯ. ತೊಡೆಯ ಮೇಲೆ ನನ್ನ ಮಗ. ಪಕ್ಕದಲ್ಲಿ ನನ್ನ ಮಗಳು. ಮುಂದೆ ನಾಯಿ. ನಾಯಿಯ ಮೈಮೇಲೆ ನನ್ನ ಸ್ವೆಟರ್.

ಎದೆಯ ಮೇಲಿನ ನಕ್ಷತ್ರ ಸಹ ಕಾಣುತ್ತದೆ, ಅಂಗೈಯಷ್ಟಿದ್ದದ್ದು ಗುಂಡಿಯಷ್ಟಾಗಿದೆ. ಅದನ್ನು ಕುದಿಸಿದ್ದೀಯ. ಕಾಗದ ಕಾಯಿಸಿದ್ದು ಸಾಲದೆ ಉಣ್ಣೆಯನ್ನೂ ಹಂಡೆಯಲ್ಲಿ ಹಾಕಿದ್ದೀಯ. ನನ್ನ ಕೈ ಮುಟ್ಟಿದ್ದೆಲ್ಲ ನಂಜು, ಒಪ್ಪಿದೆ. ಬಿಸಿಲಿಗೆ ಒಣಹಾಕಬಹುದಿತ್ತು, ಚಳಿಯಲ್ಲಿ ತಿಂಗಳು ನೇತುಹಾಕಬಹುದಿತ್ತು. ನೀನು ದರ್ಜಿ. ಕುದಿವ ನೀರಲ್ಲಿ ಉಣ್ಣೆ ಏನಾಗುತ್ತದೆ ಎಂದು ನನಗೆ ಎಂಟನೇ ವಯಸ್ಸಿನಲ್ಲಿ ಹೇಳಿಕೊಟ್ಟವಳು ನೀನೇ.

"ಅವನ ಬಾಯಿಗೆ ದೊಡ್ಡ ಬರುವುದಿಲ್ಲ" ಎಂದು ಬರೆಯುತ್ತೀಯ. ಲುರ್ವೆ ಅನ್ನಲು ಬರುವ ನಾಲಿಗೆಗೆ ದೊಡ್ಡ ಅನ್ನಲು ಬರುವುದಿಲ್ಲವೇ? ತಿದ್ದಿದ್ದೀಯಾ ಒಂದು ಸಲವಾದರೂ? ಅಥವಾ ಅವನು ಕರೆದಾಗ "ಏನು ಮರೀ" ಎಂದು ಓಡುತ್ತೀಯಾ?

ಓಲೈನ್ ಹೇಳಿದ್ದಕ್ಕೆ ಅಂದು ನಕ್ಕೆ. ಈಗ ನೇರವಾಗಿ ಕೇಳುತ್ತೇನೆ. ಹಾಲ್ವರ್ ಎಲ್ಲಿ ಮಲಗುತ್ತಾನೆ?

ಹೆರ್ಡಿಸ್


ಸೋಲ್ವಿಕ
೪ ಫೆಬ್ರವರಿ ೧೯೫೧

ಹೆರ್ಡಿಸ್,

ನಿನ್ನ ಗಂಡ ನಿನ್ನ ಮಂಚದ ಮೇಲೆ ಒಬ್ಬನೇ ಮಲಗುತ್ತಾನೆ, ಗೊರಕೆ ಅಟ್ಟದವರೆಗೂ ಕೇಳುತ್ತದೆ. ನಾನು ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತೇನೆ, ಆರ್ವಿಡ್ ನನಗೂ ಗೋಡೆಗೂ ನಡುವೆ. ಉಂಡ ತಟ್ಟೆಯನ್ನು ಹಾಗೇ ಬಿಟ್ಟು ಏಳುವ ಗಂಡಸನ್ನು ನನಗೆ ಬೆಳ್ಳಿಯ ತಟ್ಟೆಯಲ್ಲಿಟ್ಟು ಕೊಟ್ಟರೂ ಬೇಡ. ನಿನ್ನ ಓಲೈನ್‌ಗೆ ಇದನ್ನೂ ಓದಿ ಹೇಳು, ಅವಳೂ ಸ್ವಲ್ಪ ಕೆಮ್ಮಲಿ.

ಸ್ವೆಟರನ್ನು ಕುದಿಸಿದ್ದು ನಿಜ. ನಮ್ಮಮ್ಮ ಸತ್ತದ್ದು ಈ ರೋಗದಲ್ಲಿ, ನಿನಗೆ ನೆನಪಿಲ್ಲ, ನನಗಿದೆ. ಅವಳ ಶಾಲು ಹೊದ್ದು ಮಲಗಿದ್ದ ನಮ್ಮ ತಮ್ಮನೂ ಹೋದ. ಪೊಟ್ಟಣ ಬಿಚ್ಚಿದವಳೇ ಹಂಡೆಯಲ್ಲಿ ನೀರು ಕುದಿಯಲಿಟ್ಟೆ. ಹಂಡೆಯಿಂದ ತೆಗೆದಾಗ ಅದು ಗೊಂಬೆಯ ಅಂಗಿಯಷ್ಟಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. "ಲುರ್ವೆಗೆ ಸರಿಹೋಗುತ್ತೆ, ನೋಡು ದೊಡ್ಡಮ್ಮ!" ಎಂದು ಸಿಗ್ನೆಯೇ ತೊಡಿಸಿದಳು. ಅಷ್ಟರಲ್ಲಿ ಹಾಲ್ವರ್ ಯಾರದೋ ಕ್ಯಾಮೆರಾ ಹಿಡಿದು ಬಂದ.

ತಿದ್ದಿದ್ದೀಯಾ ಎಂದು ಕೇಳಿದೆ. ಬೆಳಗ್ಗೆ ಒಲೆ ಹಚ್ಚುವುದರಿಂದ ಹಿಡಿದು ಸಂಜೆ ಮಗುವಿನ ಪಾದ ತೊಳೆಯುವವರೆಗೆ ನಾನು ಕೂತಿರುವುದಿಲ್ಲ. ಅವನು ಅಮ್ಮಾ ಎಂದು ಕೂಗಿದಾಗ ಅವನು ಬಿದ್ದಿರುತ್ತಾನೆ, ಅಥವಾ ಹಸಿದಿರುತ್ತಾನೆ. ಆಗ ವ್ಯಾಕರಣ ತಿದ್ದುತ್ತಾ ಕೂರಲೇ?

ಬೋರ್ಗಿಲ್ಡ್


ಸೋಲ್ವಿಕ
೨೯ ಏಪ್ರಿಲ್ ೧೯೫೧

ಹೆರ್ಡಿಸ್,

ಎರಡು ತಿಂಗಳ ಮೇಲಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಹಾಲ್ವರ್‌ಗೆ ಬರೆಯುತ್ತೀಯ, ತೂಕ ಹೆಚ್ಚಿದೆ, ಎದೆಯ ಎಕ್ಸ್‌ರೇ ಚೆನ್ನಾಗಿದೆ ಎಂದು ಅವನ ಬಾಯಲ್ಲಿ ಕೇಳಿದೆ. ಇರಲಿ. ಈಗ ಬರೆಯಲೇಬೇಕಾದದ್ದು ಬಂದಿದೆ. ಆದರೆ ಕುರಿಮರಿಯಿಂದಲೇ ಶುರುಮಾಡುತ್ತೇನೆ, ನನಗೂ ಧೈರ್ಯ ಬೇಕು.

ಮೇಲಿನ ಹೊಲದವರ ಕುರಿ ಮೂರು ಮರಿ ಹಾಕಿ ಒಂದನ್ನು ಒದ್ದು ದೂಡಿತು. ಅದು ಈಗ ನಮ್ಮ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿದೆ. ಬಾಟಲಿಯಲ್ಲಿ ಹಾಲು ಕೊಡುತ್ತೇನೆ. ಮೊನ್ನೆ ಬಾಗಿಲ ಬಳಿ ಯಾರೋ ಕರೆದರು, ಬಾಟಲಿ ಇಟ್ಟು ಹೋಗಿ ಬರುವಷ್ಟರಲ್ಲಿ ಆರ್ವಿಡ್ ಒಂದು ಗುಟುಕು, ಮರಿ ಒಂದು ಗುಟುಕು, ಲುರ್ವೆ ನೆಲಕ್ಕೆ ಚೆಲ್ಲಿದ್ದನ್ನೆಲ್ಲ ನೆಕ್ಕುತ್ತಿತ್ತು. ಸಿಗ್ನೆ ಪಕ್ಕದಲ್ಲಿ ನಿಂತು, "ಸಾಲಾಗಿ ಬನ್ನಿ, ಸಾಲಾಗಿ! ತಳ್ಳಾಡಿದ್ರೆ ಯಾರಿಗೂ ಇಲ್ಲ" ಎಂದು ಥೇಟ್ ಪಡಿತರ ಅಂಗಡಿಯವನ ಹಾಗೆ ಕೂಗುತ್ತಿದ್ದಳು.

ಈಗ ಕೇಳು. ಸೋಮವಾರ ಲುರ್ವೆಗೆ ಮೀನಿನ ತಲೆ ಹಾಕಿದ್ದೆ. ಆರ್ವಿಡ್ ಅದರ ಬಾಯಿಂದಲೇ ಕಿತ್ತುಕೊಳ್ಳಲು ಹೋದ. ಅದು ಗುರ್ರೆಂದಿತು. ಅವನು ಬಿಡಲಿಲ್ಲ. ಕಚ್ಚಿತು, ಕೆನ್ನೆಗೆ. ಡಾಕ್ಟರು ಹೊಲಿಗೆ ಹಾಕುವಷ್ಟಿಲ್ಲ ಅಂದರು, ಆದರೆ ಕಣ್ಣಿನ ಕೆಳಗೆ ಗೀರು ಉಳಿಯಬಹುದು. ತಪ್ಪು ನನ್ನದು, ತಿನ್ನುವ ನಾಯಿಯ ಹತ್ತಿರ ಮಗುವನ್ನು ಬಿಡಬಾರದಿತ್ತು. ಈಗ ಅದಕ್ಕೆ ಹೊರಗಡೆಯೇ ಊಟ.

ಬೇರೆಯವರಿಂದ ತಿಳಿಯುವ ಬದಲು ನನ್ನಿಂದ ತಿಳಿಯಲಿ ಎಂದು ಬರೆದೆ.

ಬೋರ್ಗಿಲ್ಡ್


ಬೆಟ್ಟದ ಸ್ಯಾನಿಟೋರಿಯಂ
೩ ಮೇ ೧೯೫೧

ಹಾಲ್ವರ್,

ಈ ಕಾಗದ ಅಕ್ಕನಿಗೆ ತೋರಿಸಬೇಡ.

ನನ್ನ ಮಗನ ಮುಖವನ್ನು ನಾಯಿ ಕಚ್ಚಿದೆ. ನೀನು ಅದನ್ನು ನನಗೆ ಬರೆಯಲೂ ಇಲ್ಲ. ಇನ್ನು ಆ ಪ್ರಾಣಿ ನನ್ನ ಮನೆಯಲ್ಲಿ ಒಂದು ದಿನವೂ ಇರಕೂಡದು. ಗುಂಡು ಹೊಡೆ, ಇಲ್ಲವೇ ನಿನ್ನ ಬೋಟಿನಲ್ಲಿ ಆಚೆ ದಡಕ್ಕೆ ಒಯ್ದು ಯಾರಿಗಾದರೂ ಕೊಡು. ಅಕ್ಕ ಅಡ್ಡ ಬಂದರೆ ಇದು ಯಾರ ಮನೆ ಎಂದು ಕೇಳು. ಮಕ್ಕಳು ಕೇಳಿದರೆ ಅಮ್ಮ ಹೇಳಿದಳು ಅನ್ನು. ಅಮ್ಮ ಎಂಬವಳು ಒಬ್ಬಳಿದ್ದಾಳೆಂದು ಅವರಿಗೂ ಒಂದು ಸಲ ಗೊತ್ತಾಗಲಿ.

ಹೆರ್ಡಿಸ್


ಸೋಲ್ವಿಕ
೧೩ ಮೇ ೧೯೫೧

ಹೆರ್ಡಿಸ್,

ನೀನು ಗೆದ್ದೆ. ಲುರ್ವೆ ಇಲ್ಲ.

ನಾನು ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಾಗ ಹಾಲ್ವರ್ ಅದರ ಕುತ್ತಿಗೆಗೆ ಹಗ್ಗ ಕಟ್ಟಿ ಬೋಟು ಹತ್ತಿಸಿದನಂತೆ. ಅದು ಬಾಲ ಅಲ್ಲಾಡಿಸುತ್ತಲೇ ಹತ್ತಿತಂತೆ, ಸವಾರಿ ಎಂದುಕೊಂಡು. ಸಿಗ್ನೆ ಧಕ್ಕೆಯ ತುದಿಯವರೆಗೆ ಓಡಿದಳು.

"ಪಪ್ಪಾ! ಅದನ್ನ ಎಲ್ಲಿಗ್ ಕರ್ಕೊಂಡ್ ಹೋಗ್ತೀಯಾ? ಅದೇನೂ ಮಾಡಿಲ್ಲ! ಆರ್ವಿಡ್‌ನೇ ಕಿತ್ಕೊಂಡಿದ್ದು!"

ಹಾಲ್ವರ್ ಬೋಟಿನ ಹಗ್ಗ ಬಿಚ್ಚುತ್ತಾ ಅವಳ ಮುಖ ನೋಡದೆ, "ಅಮ್ಮ ಹೇಳಿದಾಳೆ ಕಂದ" ಅಂದನಂತೆ. ನಿನ್ನ ಕಾಗದವನ್ನು ಆಮೇಲೆ ನನಗೂ ತೋರಿಸಿದ. ನೀನು ಹೇಳಿಕೊಟ್ಟ ಮಾತನ್ನೇ ಆಡಿದ್ದಾನೆ, ಒಂದಕ್ಷರ ಹೆಚ್ಚಿಲ್ಲ.

ನಾನು ಬಂದಾಗ ಅವಳು ಕಲ್ಲಿನ ಮೇಲೆ ಕೂತಿದ್ದಳು. ಎತ್ತಿಕೊಳ್ಳಲು ಹೋದರೆ ಕೈ ಕೊಡವಿದಳು. ಆರ್ವಿಡ್ ಮೇಜಿನ ಕೆಳಗೆ, ಬಾಗಿಲ ಹಿಂದೆ, ಕುರಿಮರಿಯ ಪೆಟ್ಟಿಗೆಯೊಳಗೆ ಎಲ್ಲ ಕಡೆ ಹುಡುಕಿ, ಬೂಟುಗಳನ್ನು ಬೋರಲು ಹಾಕಿ ನೋಡುತ್ತಾನೆ. ಮತ್ತೆ ಹಳೆಯ ಅಳು ಶುರುವಾಗಿದೆ.

ಸಿಗ್ನೆ ಏನೆಂದಳು ಎಂಬುದನ್ನೂ ಬರೆಯುತ್ತೇನೆ. ಮುಚ್ಚಿಟ್ಟರೆ ಅದನ್ನೂ ಮುಂದೆ ನನ್ನ ತಲೆಗೆ ಕಟ್ಟುತ್ತೀಯ. ನಿನ್ನೆ ಊಟದ ಹೊತ್ತಿನಲ್ಲಿ ಹಾಲ್ವರ್, ಅವಳ ಮುಖ ಅರಳಿಸೋಣವೆಂದು, "ಶರತ್ಕಾಲಕ್ಕೆ ಅಮ್ಮ ಬರ್ತಾಳೆ, ಗೊತ್ತಾ?" ಅಂದ. ಅವಳು ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಲೇ, ತಲೆ ಎತ್ತದೆ,

"ಅಮ್ಮ ಅಲ್ಲೇ ಇರ್ಲಿ" ಅಂದಳು.

ಬೋರ್ಗಿಲ್ಡ್


ಬೆಟ್ಟದ ಸ್ಯಾನಿಟೋರಿಯಂ
೧೯ ಮೇ ೧೯೫೧

ಅಕ್ಕಾ,

ಹಾಲ್ವರ್‌ಗೂ ಇದೇ ಅಂಚೆಯಲ್ಲಿ ಬರೆದಿದ್ದೇನೆ. ನಾಯಿಯನ್ನು ವಾಪಸು ತರಲು ಹೇಳಿದ್ದೇನೆ. ತೆಗೆದುಕೊಂಡವರು ಕೊಡಲ್ಲ ಅಂದರೆ ಕಾಲು ಹಿಡಿ ಎಂದಿದ್ದೇನೆ. ಸಿಗ್ನೆಗೆ ಹೇಳಬೇಕಾದದ್ದು "ಅಮ್ಮ ತಪ್ಪು ಮಾಡಿದಳು" ಎಂದು, "ಅಮ್ಮ ಕ್ಷಮಿಸಿದಳು" ಎಂದಲ್ಲ. ಹಾಲ್ವರ್ ಅದನ್ನೂ ಎಡವಟ್ಟು ಮಾಡಿಯಾನು, ನೀನು ಪಕ್ಕದಲ್ಲಿರು.

ನಿನಗೊಂದು ಮಾತು ಹೇಳಬೇಕು. ಬೇರೆ ಯಾರಿಗೂ ಹೇಳಲಾರೆ, ಓಲೈನ್‌ಗೂ ಇಲ್ಲ. ಅವಳು ಈಗ ಇಲ್ಲ, ಏಪ್ರಿಲ್‌ನಲ್ಲಿ ತೀರಿಹೋದಳು.

ಮಗುವನ್ನು ನಾಯಿ ಕಚ್ಚಿತು ಎಂದು ಓದಿದಾಗ ನನ್ನ ಎದೆ ಧಸಕ್ಕೆನ್ನಲಿಲ್ಲ, ಅಕ್ಕಾ. ಮೊದಲು ಅನಿಸಿದ್ದು "ಹಾಗಾಗಬೇಕು" ಎಂದು. ಕಡೆಗೂ ಅದು ಕಚ್ಚಿತಲ್ಲ, ಕಡೆಗೂ ನಿನ್ನ ಕೈಯಲ್ಲಿ ತಪ್ಪಾಯಿತಲ್ಲ ಎಂದು. ಆಮೇಲೆ ಅವನ ಕೆನ್ನೆ ನೆನಪಾಯಿತು. ಯಾವ ಕೆನ್ನೆ ಎಂದು ನೀನು ಬರೆದಿರಲಿಲ್ಲ, ನಾನು ಎರಡನ್ನೂ ನೆನೆಯಲು ನೋಡಿದೆ. ಮುಖ ಬರಲಿಲ್ಲ. ಫೋಟೋದಲ್ಲಿರುವ ಮುಖ ಬಂತು, ಅದು ನಿನ್ನ ಕಡೆ ತಿರುಗಿದೆ.

ಹೊಟ್ಟೆಕಿಚ್ಚು ಎಂಬುದು ಶ್ವಾಸಕೋಶಕ್ಕಿಂತ ಕೆಳಗಿರುತ್ತದೆ. ಎಕ್ಸ್‌ರೇಗೆ ಸಿಗುವುದಿಲ್ಲ. ಸಿಕ್ಕಿದ್ದರೆ ಇವರು ನನ್ನನ್ನು ಎಂದೂ ಮನೆಗೆ ಬಿಡುತ್ತಿರಲಿಲ್ಲ.

ಹೆರ್ಡಿಸ್


ಸೋಲ್ವಿಕ
೩ ಜೂನ್ ೧೯೫೧

ಹೆರ್ಡಿಸ್,

ಬಂತು. ಆಚೆ ದಡದವರು ಮೊದಲು ಒಪ್ಪಲಿಲ್ಲವಂತೆ. ನಮ್ಮ ಕುರಿಮರಿಯನ್ನು ಕೊಟ್ಟು ತಂದೆವು. ಬೋಟು ಧಕ್ಕೆ ಮುಟ್ಟುವ ಮೊದಲೇ ಲುರ್ವೆ ನೀರಿಗೆ ಹಾರಿತು. ಸಿಗ್ನೆ ಬೂಟು ಸಮೇತ ಸೊಂಟದವರೆಗೆ ಇಳಿದಳು. ಹಾಲ್ವರ್ ಎಂಜಿನ್ ಬಂದ್ ಮಾಡಿ ಅಳುತ್ತಾ ನಿಂತಿದ್ದ. ಹೊಗೆ ಕಣ್ಣಿಗೆ ಹೋಯಿತು ಅಂದ.

ಸಿಗ್ನೆಗೆ ನಿನ್ನ ಮಾತು ಹೇಳಿದೆ. ನಾಯಿಯ ಒದ್ದೆ ಮೈ ಒರೆಸುತ್ತಾ, "ಅಮ್ಮಂಗೆ ಲುರ್ವೆ ನೋಡಿದ್ರೆ ಇಷ್ಟ ಆಗುತ್ತೆ. ನೋಡೇ ಇಲ್ವಲ್ಲ, ಅದಕ್ಕೇ ಹಾಗೆ" ಅಂದಳು.

ಬಲಗೆನ್ನೆ. ಗೀರು ಮಾಸುತ್ತಿದೆ.

ಬೋರ್ಗಿಲ್ಡ್


ಸೋಲ್ವಿಕ
೧೪ ಅಕ್ಟೋಬರ್ ೧೯೫೧

ಅಕ್ಕಾ,

ನಾನು ಬಂದ ಬೋಟಿನಲ್ಲೇ ನೀನು ಹೊರಟುಬಿಡುತ್ತೀಯೆಂದು ನನಗೆ ಗೊತ್ತಿರಲಿಲ್ಲ. ನಾನು ಇಳಿಯುತ್ತಿದ್ದೆ, ನೀನು ಪೆಟ್ಟಿಗೆ ಹಿಡಿದು ನಿಂತಿದ್ದೆ. "ಸಾರು ಒಲೆ ಮೇಲಿದೆ, ಆರ್ವಿಡ್‌ಗೆ ಸ್ವಲ್ಪ ಮೂಗು ಕಟ್ಟಿದೆ" ಅಂದೆ. ಒಂದು ವರ್ಷದ ಮೇಲೆ ನೋಡಿದ ತಂಗಿಗೆ ಅಷ್ಟೇ. ಅಪ್ಪಿಕೊಳ್ಳಲೂ ಇಲ್ಲ, ರೋಗದ ಭಯ ಅಂದುಕೊಂಡೆ. ಆಮೇಲೆ ಅನಿಸಿತು, ಅಪ್ಪಿದ್ದರೆ ನಿನ್ನಿಂದ ಬೋಟು ಹತ್ತಲಾಗುತ್ತಿರಲಿಲ್ಲವೇನೋ.

ನೀನು ತಿರುಗಿ ನೋಡಲಿಲ್ಲ, ಹಾಗಾಗಿ ಹೇಳುತ್ತೇನೆ. ಆರ್ವಿಡ್ ಧಕ್ಕೆಯ ಮೇಲೆ ಓಡಿದ, ಲುರ್ವೆ ಅವನ ಮುಂದೆ ಅಡ್ಡ ನಿಂತು ತಡೆಯಿತು. ನಾನು ಹೋಗಿ ಕೈ ಹಿಡಿದೆ. ಕಸಿದುಕೊಂಡ.

"ಯಾರಿವ್ರು?" ಎಂದು ಸಿಗ್ನೆಯನ್ನು ಕೇಳಿದ.

"ಅಮ್ಮ ಕಣೋ. ನಿಜವಾದೋಳು" ಅಂದಳು ಸಿಗ್ನೆ.

ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಇಲ್ಲ. ಅಮ್ಮ ಬೋಟಲ್ಲಿ ಹೋದ್ಲು" ಅಂದ.

ಈಗ ಅವನು ನನ್ನನ್ನು ಹೆರ್ಡಿಸ್ ಅನ್ನುತ್ತಾನೆ, ಹಾಲ್ವರ್ ಕರೆಯುವುದನ್ನು ಕೇಳಿ. "ಹೆರ್ಡಿಸ್, ಗಂಜಿ ಕೊಡಿ." ಪಾದ್ರಿಯವರ ಹಾಗೆ, ಬಹಳ ಮರ್ಯಾದೆಯಿಂದ. ನಿನ್ನ ಬೆಂಚಿನ ಮೇಲೆ ನಾಯಿಯ ಜೊತೆ ಮಲಗುತ್ತಾನೆ. ನಾನು ಹತ್ತಿರ ಹೋದರೆ ಇಬ್ಬರೂ ಒಂದೇ ಸಲ ತಲೆ ಎತ್ತಿ, ಈ ಹೆಂಗಸಿಗೆ ಇಲ್ಲಿ ಏನು ಕೆಲಸ ಎಂಬಂತೆ ನೋಡುತ್ತಾರೆ.

ಗೋಡೆಯ ಮೊಳೆಗಳ ಮೇಲೆ ಪಾತ್ರೆಗಳನ್ನೆಲ್ಲ ನೀನು ಬೇರೆ ಸಾಲಿನಲ್ಲಿ ನೇತುಹಾಕಿದ್ದೀಯ. ಹಾಗೇ ಬಿಟ್ಟಿದ್ದೇನೆ. ಸಿಗ್ನೆ, "ಅದು ಅಲ್ಲಿರೋದು" ಅನ್ನುತ್ತಾಳೆ.

ಹೆರ್ಡಿಸ್


ಓಲೆಸುಂಡ್
೧೧ ನವೆಂಬರ್ ೧೯೫೧

ಹೆರ್ಡಿಸ್,

ನಿನ್ನ ಕಾಗದ ಓದಿದೆ. "ಅಮ್ಮ ಬೋಟಲ್ಲಿ ಹೋದ್ಲು" ಎಂಬುದನ್ನು ಯಾಕೆ ಬರೆದೆ? ನನಗೆ ನೋವಾಗಲಿ ಎಂದೇ, ಸಂತೋಷವಾಗಲಿ ಎಂದೇ? ಎರಡೂ ಆಯಿತು. ಸಂತೋಷವಾಯಿತಲ್ಲ ಎಂಬುದೇ ಹೆಚ್ಚು ನೋಯಿಸಿತು.

ಅಂಗಡಿಯ ಬೀಗ ತುಕ್ಕು ಹಿಡಿದಿತ್ತು. ಹಳೆಯ ಗಿರಾಕಿಗಳು ಬರುತ್ತಿದ್ದಾರೆ. ಮೊನ್ನೆ ಒಬ್ಬಳು ಕೋಟು ಹೊಲಿಸಲು ಬಂದವಳು ಮಗುವನ್ನೂ ಕರೆತಂದಿದ್ದಳು. ಅದು ನನ್ನ ಮೇಜಿನ ಕೆಳಗೆ ನುಗ್ಗಿ ಬಟ್ಟೆ ಚೂರುಗಳ ಜೊತೆ ಆಡುತ್ತಿತ್ತು. ತಾಯಿ ಅದನ್ನು ಎಳೆದು ಹೊರಗೆ ತೆಗೆದು, ಏನೂ ಅಲ್ಲವೆಂಬಂತೆ ಸೊಂಟದ ಮೇಲೆ ಹಾಕಿಕೊಂಡಳು. ಎಷ್ಟು ಸಲೀಸಾಗಿ! ಆ ಹೆಂಗಸಿನ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ, ಆದರೆ ಅವಳನ್ನು ಕಂಡು ಮೈಯೆಲ್ಲ ಉರಿಯಿತು. ಕೋಟಿನ ತೋಳನ್ನು ತಲೆಕೆಳಗಾಗಿ ಕತ್ತರಿಸಿಬಿಟ್ಟೆ. ಇಷ್ಟು ವರ್ಷದ ಕಸುಬಿನಲ್ಲಿ ಹೀಗಾಗಿರಲಿಲ್ಲ.

ಈಗ ನನಗೆ ಗೊತ್ತಾಯಿತು, ನೀನು ಆ ತುಪ್ಪಳದ ಚೀಲದೊಳಗೆ ಏನು ಹೊದ್ದು ಮಲಗಿದ್ದೆ ಎಂದು.

ಮಕ್ಕಳು ನಿನ್ನವರು. 'ಅಮ್ಮ' ಎಂಬುದೂ ನಿನ್ನದು, ಇವತ್ತಲ್ಲದಿದ್ದರೆ ನಾಳೆ ಕರೆಯುತ್ತಾನೆ. ಅದನ್ನೆಲ್ಲ ಕೇಳುವುದಿಲ್ಲ. ಆದರೆ ನಾಯಿ ನಾನು ತಂದದ್ದು. ಅದನ್ನಾದರೂ ನನಗೆ ಕಳಿಸು. ಅಂಗಡಿಯಲ್ಲಿ ಒಲೆಯ ಹತ್ತಿರ ಜಾಗವಿದೆ. ಸಂಜೆ ಕದ ಹಾಕಿದ ಮೇಲೆ ಇಲ್ಲಿ ಉಸಿರಾಡುವ ಇನ್ನೊಂದು ಜೀವವಿಲ್ಲ, ಹೆರ್ಡಿಸ್.

ಬೋರ್ಗಿಲ್ಡ್


ಸೋಲ್ವಿಕ
೨ ಡಿಸೆಂಬರ್ ೧೯೫೧

ಅಕ್ಕಾ,

ನಾಯಿಯನ್ನು ಕೊಡಲಾರೆ. ಮೂರು ವಾರ ಯೋಚಿಸಿದೆ. ಕೊಡಬೇಕು, ನ್ಯಾಯ ನಿನ್ನ ಕಡೆಗಿದೆ. ಆದರೂ ಕೊಡಲಾರೆ. ಯಾಕೆಂದು ಹೇಳುತ್ತೇನೆ.

ಮೊನ್ನೆ ಅಂಗಳದಲ್ಲಿ ಮಂಜು ಗಟ್ಟಿಯಾಗಿತ್ತು. ಆರ್ವಿಡ್ ಜಾರಿ ಮಂಡಿ ಒಡೆದುಕೊಂಡ. ನಾನು ಮೆಟ್ಟಿಲ ಮೇಲಿದ್ದೆ, ಎರಡೂ ಕೈ ಚಾಚಿ ಓಡಿದೆ. ಅವನೂ ಓಡಿಬಂದ. ನನ್ನನ್ನು ದಾಟಿ, ನೇರ ಲುರ್ವೆಯ ಹತ್ತಿರ ಹೋಗಿ, ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತ. ನಾನು ಬರಿಗೈ ಚಾಚಿಕೊಂಡು ನಿಂತಿದ್ದೆ. ಆಚೆ ಮನೆಯವಳು ಕಿಟಕಿಯಲ್ಲಿ ನೋಡುತ್ತಿದ್ದಳು.

ಒಳಗೆ ಹೋಗಿ ಕದ ಹಾಕಿಕೊಳ್ಳಬೇಕೆನಿಸಿತು. ಬದಲಿಗೆ ಅಲ್ಲೇ ಮಂಜಿನ ಮೇಲೆ ಕೂತೆ, ನಾಯಿಯ ಇನ್ನೊಂದು ಪಕ್ಕಕ್ಕೆ. ಲುರ್ವೆ ಏನೂ ವಿಚಾರಿಸಲಿಲ್ಲ, ನನ್ನ ಮೈಗೂ ಒರಗಿತು. ಅದರ ಮೈ ಬೆಚ್ಚಗಿತ್ತು. ನಡುವೆ ನಾಯಿ, ಆ ಕಡೆ ಅವನು, ಈ ಕಡೆ ನಾನು. ಅವನು ಅಳು ನಿಲ್ಲಿಸಿ ಇಣುಕಿದ. ನನ್ನ ಕಣ್ಣು ನೋಡಿ, "ಹೆರ್ಡಿಸ್‌ಗೂ ಗಾಯ ಆಯ್ತಾ?" ಅಂದ. ಆಯ್ತು ಅಂದೆ. ಅವನು ಲುರ್ವೆಯ ಒಂದು ಕಿವಿ ತಾನು ಹಿಡಿದುಕೊಂಡು ಇನ್ನೊಂದನ್ನು ನನ್ನ ಕಡೆ ತಿರುಗಿಸಿ, "ಇದ್ನ ಹಿಡ್ಕೊಳ್ಳಿ, ಹೋಗುತ್ತೆ" ಅಂದ.

ಅಷ್ಟೇ ನಡೆದದ್ದು. ಅಮ್ಮ ಅನ್ನಲಿಲ್ಲ. ಆದರೆ ನನಗೆ ಸಿಕ್ಕಿರುವುದು ಆ ಒಂದು ಕಿವಿ, ಅಕ್ಕಾ. ಅದನ್ನು ನಿನಗೆ ಕಳಿಸಿ ನಾನು ಏನು ಹಿಡಿದುಕೊಳ್ಳಲಿ?

ಹಾಗಾಗಿ ನೀನೇ ಬಾ. ಶನಿವಾರದ ಬೋಟಿಗೆ ಬಾ, ಹಬ್ಬ ಮುಗಿಯುವವರೆಗೆ ಇರು. ಅವನು ದಿನಾ ಕೇಳುತ್ತಾನೆ. ಸಿಗ್ನೆ ಕೇಳುವುದಿಲ್ಲ, ಆದರೆ ಬೋಟಿನ ಹೊತ್ತಿಗೆ ಈಗಲೂ ಧಕ್ಕೆಯಲ್ಲಿರುತ್ತಾಳೆ.

ಒಂದೇ ಮಾತು. ನೀನು ಇಳಿದಾಗ ನಾನು ಧಕ್ಕೆಗೆ ಬರುವುದಿಲ್ಲ, ಸಿಟ್ಟು ಎಂದುಕೊಳ್ಳಬೇಡ. ಅವನು ನಿನ್ನ ಕಡೆ ಹೇಗೆ ಓಡುತ್ತಾನೆಂದು ನನಗೆ ಗೊತ್ತು, ಅದನ್ನು ನೋಡುವಷ್ಟು ನಾನಿನ್ನೂ ಗುಣವಾಗಿಲ್ಲ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಮೀನು ಹೆರೆಯುತ್ತಿರುತ್ತೇನೆ. ಎತ್ತಿಕೋ, ಮುದ್ದಿಸು, ಏನೆಂದು ಕರೆದರೂ ಓಗೊಡು. ಮುಗಿದ ಮೇಲೆ ಒಳಗೆ ಬಾ.

ತುಂಬಾ ಹೊತ್ತು ಎತ್ತಿಕೊಂಡಿರಬೇಡ.

ನಿನ್ನ ತಂಗಿ
ಹೆರ್ಡಿಸ್